ರುಗ್ಣಶಿಶುವಿನ ಮೌನ: ಮನಶ್ಶಾಸ್ತ್ರ ಸಂಶೋಧನೆಯ ಇತಿಹಾಸದಲ್ಲಿ ಒಂದು ವಿಚಾರ

1

ಮೌನವನ್ನು ಸಮ್ಮತಿಯ ಲಕ್ಷಣವೆಂದು ಎಣಿಸುವುದು ಲೋಕದಲ್ಲಿ ಬಹುಕಾಲದಿಂದ ನಡೆದುಬಂದಿರುವ ರೂಢಿ. ವ್ಯವಹಾರದಲ್ಲಿ ಈ ರೂಢಿಗೆ ಎಷ್ಟು ಬೆಲೆಯಿದ್ದರೂ ಇರಲಿ. ಆಸ್ಪತ್ರೆಯಲ್ಲಿ ಮಲಗಿರುವ ಮಗುವಿನ ವಿಷಯದಲ್ಲಿ ಇದನ್ನು ಅನ್ವಯಿಸಿದುದರಿಂದ ದೊಡ್ಡ ಅನರ್ಥವುಂಟಾಯಿತು. ಅಳದೆ ಮಲಗಿರುವ ಮಗು ಸುಖವಾಗಿದೆಯೆಂಬುದು ಒಂದು ನಂಬಿಕೆ. ತನ್ನ ರೋಗವನ್ನು ಕುರಿತು ಏನನ್ನೂ ಕೇಳದ ಮಗುವಿಗೆ ಆ ರೋಗದ ಸ್ವರೂಪ ತಿಳಿಯದೆಂಬುದು ಎರಡನೆಯದು. ಮಾತು ಬಾರದ ಎಳೆಗೂಸಿಗೆ ನೋವು ದೊಡ್ಡವರಿಗೆ ಆಗುವಂತೆ ಆಗದೆಂಬುದು ಮೂರನೆಯದು. ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲೆಂಡು, ಅಮೆರಿಕಗಳ ವೈದ್ಯಶಾಲೆಗಳಲ್ಲಿ ಈ ಮೂರು ನಂಬಿಕೆಗಳೂ ಬಲವಾಗಿ ಬೇರೂರಿದ್ದುವು. ವಿದ್ವಾಂಸರೂ ದಯಾವಂತರೂ ಆದ ವೈದ್ಯರೇ ಇವನ್ನು ನಂಬಿದ್ದರು. ಇವು ಒಂದೊಂದಾಗಿ ಹೇಗೆ ಸಡಿಲಿದುವೆಂಬುದೇ ಗುರುತರವಾದ ವ್ಯಾಧಿಗಳಿಂದ ನರಳುವ ಮಕ್ಕಳನ್ನು ಕುರಿತ ಮನಶ್ಶಾಸ್ತ್ರದ ಚರಿತ್ರೆಯ ಸಾರಭಾಗ. ಅದನ್ನು ಕ್ರಮವಾಗಿ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

ಮಾತನಾಡಲಾರದವನ ವೇದನೆಯನ್ನು ವೈದ್ಯನು ತಿಳಿಯುವುದೆಂತು ಎಂಬ ಪ್ರಶ್ನೆ ಪ್ರಾಚೀನವಾದುದು. ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವೂ ಒಂದಾಗಿರುವುದು ವಾಚಕರಿಗೆ ವಿದಿತವೇ ಆಗಿದೆ. ಆ ಅಂಗಕ್ಕೆ ಸೇರಿದ ಕಾಶ್ಯಪಸಂಹಿತೆಯು ನೇಪಾಳದಲ್ಲಿ ದೊರೆತ ತಾಳೆಯೋಲೆಯ ಪ್ರತಿಯಿಂದ, ರಾಜಗುರು ಹೇಮರಾಜ ಶರ್ಮರ ಪರಿಶ್ರಮದ ಫಲವಾಗಿ, 1938ರಲ್ಲಿ ಅಚ್ಚಾಯಿತು. ಅದರ ಸೂತ್ರಸ್ಥಾನದಲ್ಲಿರುವ ವೇದನಾಧ್ಯಾಯದಲ್ಲಿ ಶಿಷ್ಯನಾದ ವೃದ್ಧಜೀವಕನು ಕೇಳುವ ಪ್ರಶ್ನೆ ಇದೇ. ತಲೆನೋವಿರುವ ಕೂಸು ತಲೆಯನ್ನು ಹೊರಳಿಸುವುದು, ಕಿವಿನೋವಿರುವುದು ಕೈಯಿಂದ ಕಿವಿಯನ್ನು ಮುಟ್ಟಿಕೊಳ್ಳುವುದು ಮೊದಲಾದ ಚಿಹ್ನೆಗಳನ್ನು ಗುರುವು ಅಲ್ಲಿ ಒಂದೊಂದಾಗಿ ಹೇಳುತ್ತಾನೆ. ಶಿಶುವಿಗೆ ವಾಕ್ಕು ಇಲ್ಲದಿದ್ದರೂ ಲಿಂಗವುಂಟು. ಆ ಲಿಂಗದಿಂದ ವೇದನೆಯನ್ನು ಅನುಮಾನಿಸಬಹುದು ಎಂಬುದು ಆ ಅಧ್ಯಾಯದ ತಾತ್ಪರ್ಯ.

ಆದರೆ ಅನುಮಾನವು ಪ್ರಮಾಣವಾಗಬೇಕಾದರೆ ಹೇತುವು ದೋಷರಹಿತವಾಗಿರಬೇಕು. ಸಾಧ್ಯವಿರುವ ಕಡೆಯಲ್ಲಿಯೂ ಇಲ್ಲದ ಕಡೆಯಲ್ಲಿಯೂ ಸಮಾನವಾಗಿ ಕಾಣುವ ಹೇತುವನ್ನು ನೈಯಾಯಿಕರು ಸವ್ಯಭಿಚಾರವೆಂದು ಕರೆದು ಹೇತ್ವಾಭಾಸಗಳಲ್ಲಿ ಸೇರಿಸಿದರು. ಮಗುವಿನ ಮೌನ ಇಂತಹ ಹೇತು. ಅದು ನೆಮ್ಮದಿಯಲ್ಲಿಯೂ ಇರುತ್ತದೆ, ಹತಾಶೆಯಲ್ಲಿಯೂ ಇರುತ್ತದೆ. ಅರಿಯದವನಲ್ಲಿಯೂ ಇರುತ್ತದೆ, ಅರಿತು ಮರೆಮಾಡುವವನಲ್ಲಿಯೂ ಇರುತ್ತದೆ. ಮೇಲೆ ಹೇಳಿದ ಮೂರು ನಂಬಿಕೆಗಳ ಮೂಲದಲ್ಲಿರುವುದು ಈ ಒಂದೇ ದೋಷವೆಂಬುದು ಮುಂದಿನ ವಿವರಗಳಿಂದ ವ್ಯಕ್ತವಾಗುವುದು.

2

1769ರಲ್ಲಿ ಜಾರ್ಜ್ ಆರ್ಮ್‌ಸ್ಟ್ರಾಂಗ್ ಎಂಬ ವೈದ್ಯರು ಲಂಡನ್ ನಗರದಲ್ಲಿ ಬಡವರ ಮಕ್ಕಳಿಗಾಗಿ ಒಂದು ಔಷಧಶಾಲೆಯನ್ನು ತೆರೆದರು. ಮಕ್ಕಳನ್ನು ಅಲ್ಲಿಯೇ ಇರಿಸಿಕೊಂಡು ಚಿಕಿತ್ಸೆ ಮಾಡಬಾರದೇಕೆ ಎಂದು ಕೆಲವರು ಸೂಚಿಸಿದಾಗ ಅವರು ಒಪ್ಪಲಿಲ್ಲ. ರೋಗಿಯಾದ ಮಗುವನ್ನು ಹೆತ್ತವರಿಂದಲೋ ಸಾಕಿದವಳಿಂದಲೋ ಅಗಲಿಸಿದರೆ ಅದರ ಎದೆಯೊಡೆಯುವುದೆಂಬುದು ಅವರ ವಾದವಾಗಿತ್ತು. ಆ ಔಷಧಶಾಲೆ 1781ರಲ್ಲಿ ಮುಚ್ಚಿಹೋಯಿತು. ಅದರೊಡನೆ ಆ ವಾದವೂ ಮರೆಯಾಯಿತು.

ಮುಂದಿನ ಶತಮಾನದಲ್ಲಿ ಮಕ್ಕಳಿಗಾಗಿಯೇ ಆಸ್ಪತ್ರೆಗಳು ಹುಟ್ಟಿಕೊಂಡುವು. ಪ್ಯಾರಿಸಿನಲ್ಲಿ 1802ರಲ್ಲಿಯೂ, ಚಾರ್ಲ್ಸ್ ವೆಸ್ಟ್ ಅವರ ಉದ್ಯಮದಿಂದ ಲಂಡನ್ನಿನ ಗ್ರೇಟ್ ಆರ್ಮಂಡ್ ಬೀದಿಯಲ್ಲಿ 1852ರಲ್ಲಿಯೂ, ಅಮೆರಿಕದ ಫಿಲಡೆಲ್ಫಿಯದಲ್ಲಿ 1855ರಲ್ಲಿಯೂ ಇವು ಸ್ಥಾಪಿತವಾದುವು. ಲಂಡನ್ನಿನ ಆಸ್ಪತ್ರೆ ಮೊದಲಾದಾಗ ಅದರಲ್ಲಿದ್ದುದು ಹತ್ತು ಹಾಸಿಗೆಗಳು ಮಾತ್ರ. ಇಂತಹ ಸಂಸ್ಥೆಗಳಿಂದ ಮಕ್ಕಳಿಗೆ ಆದ ಉಪಕಾರ ಅಪಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಆದಿಭಾಗದ ವೇಳೆಗೆ ಮಕ್ಕಳ ವಾರ್ಡುಗಳ ಬಾಗಿಲು ತಂದೆತಾಯಿಗಳಿಗೆ ಬಹುಮಟ್ಟಿಗೆ ಮುಚ್ಚಿತ್ತು.

ಇದನ್ನು ನಿರ್ದಯತೆಯೆಂದು ಒಂದೇ ಮಾತಿನಲ್ಲಿ ತಳ್ಳಿಬಿಡುವುದು ನ್ಯಾಯವಲ್ಲ. ದಡಾರ, ಗಂಟಲಮಾರಿ ಮೊದಲಾದ ಅಂಟುರೋಗಗಳು ಹೊರಗಿನಿಂದ ಬಂದು ವಾರ್ಡನ್ನೇ ಬರಿದುಮಾಡುತ್ತಿದ್ದ ಕಾಲ ಅದು. ಸೋಂಕನ್ನು ಗುಣಪಡಿಸುವ ಪೆನಿಸಿಲಿನ್ ಮೊದಲಾದ ಔಷಧಗಳು ಇನ್ನೂ ಬಳಕೆಗೆ ಬಂದಿರಲಿಲ್ಲ. ಇದು ಒಂದು ಕಾರಣ. ಎರಡನೆಯ ಕಾರಣ ಮನಸ್ಸಿಗೆ ಸಂಬಂಧಪಟ್ಟುದು. ತಾಯಿ ಬಂದುಹೋದ ಮೇಲೆ ಮಗು ಬಹಳ ಹೊತ್ತು ಅಳುವುದು; ತಾಯಿ ಬಾರದ ದಿನಗಳಲ್ಲಿ ಸುಮ್ಮನಿರುವುದು. ಆದುದರಿಂದ ಅಳುವಿಗೆ ತಾಯಿಯ ಭೇಟಿಯೇ ಕಾರಣ, ಭೇಟಿಯನ್ನು ತಪ್ಪಿಸಿದರೆ ಮಗು ಹೊಂದಿಕೊಳ್ಳುವುದು ಎಂದು ದಾದಿಯರೂ ವೈದ್ಯರೂ ನಿರ್ಣಯಿಸಿದರು. 1949ರಷ್ಟು ಈಚೆಗೆ ಲಂಡನ್ನಿನ ಆಸ್ಪತ್ರೆಗಳ ಭೇಟಿಯ ವೇಳೆಯನ್ನು ವಿಚಾರಿಸಿ ನೋಡಿದಾಗ, ಕೆಲವು ಕಡೆ ವಾರಕ್ಕೆ ಒಂದೆರಡು ಗಂಟೆಗಳ ಅವಕಾಶವಿದ್ದುದೂ, ಒಂದು ಕಡೆ ಮೊದಲಿನ ಒಂದು ತಿಂಗಳು ಭೇಟಿಯೇ ಇಲ್ಲದೆ ಸಂಜೆಯ ಹೊತ್ತು ನಿದ್ರಿಸುತ್ತಿರುವ ಮಗುವನ್ನು ನೋಡಿಕೊಂಡು ಹೋಗಲು ಮಾತ್ರ ಅಪ್ಪಣೆಯಿದ್ದುದೂ ಕಂಡುಬಂದುವು. ತಾಯಿಯು ನಿದ್ರಿಸುವ ಮಗುವನ್ನು ನೋಡಬಹುದು, ಎಚ್ಚರವಾಗಿರುವ ಮಗು ತಾಯಿಯನ್ನು ನೋಡಕೂಡದು ಎಂಬ ಈ ನಿಯಮದಲ್ಲಿ ಆ ಕಾಲದ ಮನೋಭಾವವೆಲ್ಲವೂ ಅಡಗಿದೆ.

3

ಈ ನಿರ್ಣಯವನ್ನು ಮೊದಲು ಶಂಕಿಸಿದವರು ಮಕ್ಕಳ ವೈದ್ಯರೇ. ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿದ್ದ ಹ್ಯಾರಿ ಬಾಕ್ವಿನ್ ಅವರು 1942ರಲ್ಲಿ ಹಸುಳೆಗಳ ಒಂಟಿತನವನ್ನು ಕುರಿತು ಬರೆದರು. ಶುಚಿಯಾದ ವಾರ್ಡಿನಲ್ಲಿ, ತಕ್ಕ ಆಹಾರವಿದ್ದರೂ ತೂಕವೇರದೆ ಕಳೆಗುಂದುತ್ತಿದ್ದ ಕೂಸುಗಳು ಮನೆಗೆ ಹೋದ ಕೂಡಲೇ ಚೇತರಿಸಿಕೊಳ್ಳುವುದನ್ನು ಅವರು ಗಮನಿಸಿದ್ದರು. ಕೈ ತೊಳೆಯದೆ ಒಳಗೆ ಬರಬಾರದೆಂದು ಅಲ್ಲಿದ್ದ ಫಲಕವನ್ನು ತೆಗೆಸಿ, ಒಂದು ಕೂಸನ್ನಾದರೂ ಎತ್ತಿಕೊಳ್ಳದೆ ಯಾರೂ ಒಳಗೆ ಬರಬಾರದೆಂಬ ಅರ್ಥದ ಫಲಕವನ್ನು ಅವರು ಹಾಕಿಸಿದುದು ಪ್ರಸಿದ್ಧವಾಗಿದೆ. ಇಂಗ್ಲೆಂಡಿನ ನ್ಯೂಕಾಸಲ್ ನಗರದಲ್ಲಿ ಜೇಮ್ಸ್ ಸ್ಪೆನ್ಸ್ ಅವರು ಅದಕ್ಕೂ ಮೊದಲೇ ಶಿಶುಗಳೊಡನೆ ತಾಯಂದಿರನ್ನೂ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುತ್ತಿದ್ದರು.

ವಿಯೆನ್ನಾ ನಗರದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ರೆನೆ ಸ್ಪಿಟ್ಜ್ ಅವರು 1945ರಲ್ಲಿ ಎರಡು ಶಿಶುಗೃಹಗಳನ್ನು ಹೋಲಿಸಿ ನೋಡಿದರು. ಒಂದು ಹೆಂಗಸರ ಸೆರೆಮನೆಗೆ ಸೇರಿದುದು. ಅಲ್ಲಿ ಸೆರೆಯಲ್ಲಿದ್ದ ತಾಯಂದಿರೇ ತಮ್ಮ ಕೂಸುಗಳನ್ನು ನೋಡಿಕೊಳ್ಳುತ್ತಿದ್ದರು. ಇನ್ನೊಂದು ಅನಾಥಶಿಶುಗಳ ಮನೆ. ಅಲ್ಲಿ ಶುಚಿತ್ವವೂ ವೈದ್ಯೋಪಚಾರವೂ ಚೆನ್ನಾಗಿದ್ದರೂ ಹಲವು ಶಿಶುಗಳಿಗೆ ಒಬ್ಬಳೇ ದಾದಿ. ಎರಡನೆಯ ಮನೆಯ 91 ಶಿಶುಗಳಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮಂದಿ ಎರಡು ವರ್ಷಗಳಲ್ಲಿ ಮೃತಿಹೊಂದಿದರೆಂದು ಅವರು ಬರೆದರು. ಅವರ ವಿಧಾನದಲ್ಲಿ ಲೋಪಗಳಿದ್ದುವು. 1955ರಲ್ಲಿ ಸ್ಯಾಮ್ಯುಅಲ್ ಪಿನ್ನೋ ಅವರು ಅವನ್ನು ಕಟುವಾಗಿ ವಿಮರ್ಶಿಸಿದರು. ಆದರೂ ಶಿಶುವಿನ ದುಃಖ ಎಂಬ ಪದಾರ್ಥವುಂಟೆಂದು ವಿದ್ವತ್ಸಭೆಗಳಲ್ಲಿ ಚರ್ಚೆಯಾಗುವಂತೆ ಮಾಡಿದ ಕೀರ್ತಿ ಸ್ಪಿಟ್ಜ್ ಅವರಿಗೆ ಸಲ್ಲಬೇಕು.

ಆದರೆ ಆಸ್ಪತ್ರೆಯ ಮಗುವಿನ ಮೌನವನ್ನೇ ನೇರವಾಗಿ ಪರೀಕ್ಷಿಸಿದವರು ಜೇಮ್ಸ್ ರಾಬರ್ಟ್‌ಸನ್. 1911ರಲ್ಲಿ ಸ್ಕಾಟ್ಲೆಂಡಿನ ಒಂದು ಶ್ರಮಿಕ ಕುಟುಂಬದಲ್ಲಿ ಇವರ ಜನನ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆನಾ ಫ್ರಾಯ್ಡ್ ಅವರು ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ನಡೆಸುತ್ತಿದ್ದ ಶಿಶುಗೃಹದಲ್ಲಿ ಇವರು ಬಾಯ್ಲರಿನ ಬೆಂಕಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ಅಲ್ಲಿ ಕೆಲಸಮಾಡುವವರೆಲ್ಲರೂ, ಯಾವ ಕೆಲಸದವರೇ ಆಗಲಿ, ಮಕ್ಕಳಲ್ಲಿ ಕಂಡುದನ್ನು ಚೀಟಿಗಳಲ್ಲಿ ಬರೆದಿಡಬೇಕೆಂಬ ನಿಯಮವಿತ್ತು. ಕಂಡುದನ್ನು ಕಂಡಂತೆ ಬರೆಯುವ ಅಭ್ಯಾಸ ರಾಬರ್ಟ್‌ಸನ್ ಅವರಿಗೆ ಬಂದುದು ಅಲ್ಲಿಯೇ. 1948ರಲ್ಲಿ ಜಾನ್ ಬೌಲ್ಬಿಯವರು ಇವರನ್ನು ಟ್ಯಾವಿಸ್ಟಾಕ್ ಸಂಸ್ಥೆಗೆ ಸೇರಿಸಿಕೊಂಡು ಆಸ್ಪತ್ರೆಗಳಲ್ಲಿರುವ ಮಕ್ಕಳನ್ನು ನೋಡಲು ಕಳುಹಿಸಿದರು.

ವಾರ್ಡುಗಳಲ್ಲಿ ದಿನಗಟ್ಟಲೆ ಕುಳಿತು ನೋಡಿದ ರಾಬರ್ಟ್‌ಸನ್ ಅವರಿಗೆ ಎಳೆಯ ಮಕ್ಕಳ ನಡತೆಯಲ್ಲಿ ಮೂರು ಅವಸ್ಥೆಗಳು ಕಂಡುವು. ಮೊದಲನೆಯದು ಪ್ರತಿಭಟನೆ: ಮಗು ಕೂಗುತ್ತದೆ, ಬಾಗಿಲ ಕಡೆಗೆ ನೋಡುತ್ತದೆ, ದಾದಿಯನ್ನು ದೂರ ತಳ್ಳುತ್ತದೆ. ಎರಡನೆಯದು ಹತಾಶೆ: ಅಳು ಕಡಮೆಯಾಗುತ್ತದೆ, ಮಗು ನಿಶ್ಚೇಷ್ಟವಾಗಿ ಮಲಗಿರುತ್ತದೆ. ಮೂರನೆಯದು ನಿರಾಕರಣೆ: ಮಗು ದಾದಿಯರೊಡನೆ ನಗುತ್ತದೆ, ಕೊಟ್ಟುದನ್ನು ತಿನ್ನುತ್ತದೆ, ತಾಯಿ ಬಂದಾಗ ಅಪರಿಚಿತಳನ್ನು ಕಂಡಂತೆ ಮುಖ ತಿರುಗಿಸುತ್ತದೆ. ಆಸ್ಪತ್ರೆಯವರು ಎರಡನೆಯ ಮತ್ತು ಮೂರನೆಯ ಅವಸ್ಥೆಗಳನ್ನು ನೋಡಿ ಮಗು ಹೊಂದಿಕೊಂಡಿತು ಎನ್ನುತ್ತಿದ್ದರು. ತಾಯಿಯ ಭೇಟಿಯ ಅನಂತರದ ಅಳು ಹೊಸದಾಗಿ ಹುಟ್ಟಿದ ದುಃಖವಲ್ಲ, ಒಳಗೆ ಹೂತಿದ್ದ ದುಃಖ ಹೊರಬರಲು ದೊರೆತ ಅವಕಾಶ ಎಂಬುದು ರಾಬರ್ಟ್‌ಸನ್ ಅವರ ಸಿದ್ಧಾಂತ. ಇಲ್ಲಿ ಪಕ್ಷ ಅದೇ, ಲಿಂಗವೂ ಅದೇ. ಸಾಧ್ಯ ಮಾತ್ರ ತಲೆಕೆಳಗಾಯಿತು.

4

ಮಾತಿನಿಂದ ಯಾರೂ ನಂಬದೆ ಹೋದುದರಿಂದ ರಾಬರ್ಟ್‌ಸನ್ ಅವರು ಚಲಚ್ಚಿತ್ರವನ್ನು ಆಶ್ರಯಿಸಿದರು. ಅದಕ್ಕೆ ಮೊದಲು ಅವರು ಅಂತಹ ಕ್ಯಾಮರವನ್ನು ಹಿಡಿದವರಲ್ಲ. ಚಿತ್ರಕ್ಕೆ ವಿಷಯಳಾದವಳು ಹೊಕ್ಕುಳಿನ ಹರ್ನಿಯದ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷ ಐದು ತಿಂಗಳ ಹೆಣ್ಣುಮಗು. ತಮಗೆ ಬೇಕಾದ ಮಗುವನ್ನೇ ಆರಿಸಿಕೊಂಡರೆಂಬ ಆಕ್ಷೇಪ ಬಾರದಂತೆ ಮಗುವನ್ನು ಆಸ್ಪತ್ರೆಯ ಪಟ್ಟಿಯಿಂದ ಕುರುಡುಗುರಿಯಾಗಿ ಎತ್ತಲಾಯಿತು. ಬೇಕಾದ ಗಳಿಗೆಗಳನ್ನೇ ಹಿಡಿದರೆಂಬ ಆಕ್ಷೇಪ ಬಾರದಂತೆ ದಿನದಿನವೂ ಗೊತ್ತಾದ ವೇಳೆಯಲ್ಲಿಯೇ ಚಿತ್ರವನ್ನು ತೆಗೆದು, ಗೋಡೆಯ ಗಡಿಯಾರವೂ ಕಾಣುವಂತೆ ಮಾಡಲಾಯಿತು.

ಹಾಗೆ ದೈವವಶದಿಂದ ಬಂದ ಮಗು ಅಳುವ ಸ್ವಭಾವದ್ದಾಗಿರಲಿಲ್ಲ. ವಯಸ್ಸಿಗೆ ಮೀರಿದ ಸಂಯಮ ಅದರಲ್ಲಿತ್ತು. ತನ್ನ ಬೊಂಬೆಯನ್ನೂ ಹೊದಿಕೆಯನ್ನೂ ಅವಚಿಕೊಂಡು ಸುಮ್ಮನೆ ಇರುವುದು, ನಡುನಡುವೆ ಮೆಲ್ಲಗೆ ಅಮ್ಮನನ್ನು ಕೇಳುವುದು. ಚಿತ್ರದ ಬಹುಭಾಗವೆಲ್ಲ ಇಷ್ಟೇ. ಬರಿಗಣ್ಣಿಗೆ ಇದು ಹೊಂದಿಕೊಂಡ ಮಗುವಿನ ಆದರ್ಶವೆಂದೇ ತೋರುವುದು. ಆದರೆ ಮುಖವನ್ನು ಹತ್ತಿರದಿಂದ, ದಿನದಿಂದ ದಿನಕ್ಕೆ ಹೋಲಿಸಿ ನೋಡಿದಾಗ ತಡೆಹಿಡಿದ ದುಃಖ ಕಾಣುವುದು. ಮನೆಗೆ ಹೊರಡುವ ದಿನ ಅದು ತನ್ನ ಸಾಮಾನುಗಳನ್ನೆಲ್ಲ ತಾನೇ ಹಿಡಿದುಕೊಂಡು, ತಾಯಿಯ ಕೈಯನ್ನು ಹಿಡಿಯದೆ ನಡೆಯಿತು. ತಿಂಗಳುಗಳ ಮೇಲೆ ಅಕಸ್ಮಾತ್ತಾಗಿ ಆ ಚಿತ್ರವನ್ನು ಕಂಡಾಗ, ಆಗೆಲ್ಲ ನೀನೆಲ್ಲಿದ್ದೆಯೆಂದು ತಾಯಿಯನ್ನು ಕೋಪದಿಂದ ಕೇಳಿತಂತೆ. ಎಂಟು ದಿನದ ಮೌನದ ಅರ್ಥ ಆಗ ಮಾತಾಗಿ ಹೊರಬಂದಿತು.

1952ರ ನವೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಮೆಡಿಸಿನ್ ಸಭೆಯಲ್ಲಿ ಈ ಚಿತ್ರವನ್ನು ತೋರಿಸಿದಾಗ ನೆರೆದಿದ್ದ ವೈದ್ಯರೂ ದಾದಿಯರೂ ಸಿಟ್ಟಿಗೆದ್ದರು. ಮಗು ಸಾಮಾನ್ಯವಾದುದಲ್ಲ, ಚಿತ್ರ ವೃತ್ತಿಗೇ ಅವಮಾನ ಎಂಬ ಮಾತುಗಳು ಬಂದುವು. ಆದರೆ ಸಿಟ್ಟಾದವರಲ್ಲಿ ಒಬ್ಬರಾದ ಡರ್ಮಾಡ್ ಮೆಕಾರ್ಥಿಯವರು ಹಿಂದಿರುಗಿ ತಮ್ಮ ವಾರ್ಡನ್ನು ನೋಡಿದಾಗ ಚಿತ್ರದಲ್ಲಿ ಕಂಡುದೇ ಅಲ್ಲಿಯೂ ಕಂಡಿತು. ಅಮರ್‌ಶಮ್ ಊರಿನ ತಮ್ಮ ಆಸ್ಪತ್ರೆಯಲ್ಲಿ ಅವರು ತಾಯಂದಿರನ್ನು ಉಳಿಸಿಕೊಳ್ಳತೊಡಗಿದರು. ರಾಬರ್ಟ್‌ಸನ್ ಅವರ 1958ರ ಎರಡನೆಯ ಚಿತ್ರಕ್ಕೆ ಆ ಆಸ್ಪತ್ರೆಯೇ ವಿಷಯವಾಯಿತು. 1959ರಲ್ಲಿ ಸರ್ ಹ್ಯಾರಿ ಪ್ಲಾಟ್ ಅವರ ಅಧ್ಯಕ್ಷತೆಯ ಸರಕಾರಿ ಸಮಿತಿಯು, ಭೇಟಿಗೆ ಕಟ್ಟುಪಾಡು ಇರಕೂಡದೆಂದೂ ಎಳೆಯ ಮಕ್ಕಳೊಡನೆ ತಾಯಿ ಉಳಿಯಲು ಅವಕಾಶವಿರಬೇಕೆಂದೂ ಮಕ್ಕಳನ್ನು ದೊಡ್ಡವರ ವಾರ್ಡುಗಳಲ್ಲಿ ಇಡಬಾರದೆಂದೂ ಸೂಚಿಸಿತು. ವರದಿಯ ಆಚರಣೆ ನಿಧಾನವಾಗಿಯೇ ನಡೆಯಿತು. 1961ರಲ್ಲಿ ಲಂಡನ್ನಿನ ತಾಯಂದಿರು ತಾವೇ ಸಂಘ ಕಟ್ಟಿಕೊಂಡು ಆಸ್ಪತ್ರೆಗಳನ್ನು ಒತ್ತಾಯಪಡಿಸಬೇಕಾಯಿತು.

ಸತ್ಯವನ್ನು ಕಂಡವರು ಅದನ್ನು ಮಿತಿಮೀರಿ ವಿಸ್ತರಿಸುವುದೂ ಉಂಟು. 1951ರಲ್ಲಿ ಪ್ರಪಂಚಾರೋಗ್ಯ ಸಂಸ್ಥೆಗೆ ಬರೆದುಕೊಟ್ಟ ಪ್ರಬಂಧದಲ್ಲಿ ಬೌಲ್ಬಿಯವರು ತಾಯಿಯ ಅಗಲಿಕೆಯಿಂದ ಶಾಶ್ವತವಾದ ಕೇಡುಂಟಾಗಬಹುದೆಂದು ಬಲವಾಗಿ ಹೇಳಿದ್ದರು. ಅನಂತರ, ನಾಲ್ಕು ವರ್ಷ ತುಂಬುವ ಮೊದಲೇ ಕ್ಷಯರೋಗಕ್ಕಾಗಿ ತಿಂಗಳುಗಟ್ಟಲೆ ಆರೋಗ್ಯಧಾಮದಲ್ಲಿದ್ದ 60 ಮಕ್ಕಳನ್ನು ಶಾಲೆಯ ವಯಸ್ಸಿನಲ್ಲಿ ಪರೀಕ್ಷಿಸಿದಾಗ, ಅವರಿಗೂ ಇತರ ಮಕ್ಕಳಿಗೂ ನಡುವೆ ಎಣಿಸಿದಷ್ಟು ಅಂತರ ಕಾಣಲಿಲ್ಲ. ಬೌಲ್ಬಿಯವರೂ ಮೇರಿ ಏನ್ಸ್‌ವರ್ತ್ ಮೊದಲಾದ ಅವರ ಸಹಕಾರಿಗಳೂ 1956ರಲ್ಲಿ ಇದನ್ನು ಪ್ರಕಟಿಸಿ, ಹಿಂದಿನ ಮಾತುಗಳಲ್ಲಿ ಅತಿಶಯವಿತ್ತೆಂದು ಒಪ್ಪಿಕೊಂಡರು. ತಮ್ಮ ಸಿದ್ಧಾಂತಕ್ಕೆ ತಾವೇ ಬಾಧಕವನ್ನು ತಂದೊಡ್ಡಿದ ಈ ಪ್ರಾಮಾಣಿಕತೆ ಸ್ಮರಣಾರ್ಹವಾದುದು. ಮುಂದೆ 1972ರಲ್ಲಿ ಮೈಕಲ್ ರಟ್ಟರ್ ಅವರು ಇಡೀ ವಿಷಯವನ್ನು ಮರುವಿಮರ್ಶೆಗೆ ಒಳಪಡಿಸಿದರು. 1946ರಲ್ಲಿ ಹುಟ್ಟಿದ ಬ್ರಿಟಿಷ್ ಮಕ್ಕಳನ್ನು ವರ್ಷಗಳುದ್ದಕ್ಕೂ ಅನುಸರಿಸಿದ ಜೇಮ್ಸ್ ಡಗ್ಲಸ್ ಅವರ 1975ರ ಲೇಖನದಿಂದ ಮತ್ತೊಂದು ಅಂಶ ಸ್ಪಷ್ಟವಾಯಿತು: ಐದು ವರ್ಷದೊಳಗೆ ಮರಳಿಮರಳಿ ಅಥವಾ ಬಹುದಿನ ಆಸ್ಪತ್ರೆಯಲ್ಲಿದ್ದ ಮಕ್ಕಳಲ್ಲಿ ಮುಂದೆ ನಡತೆಯ ತೊಂದರೆಗಳು ಹೆಚ್ಚು. ದುಃಖ ನಿಜ, ಅದು ಎಲ್ಲರಲ್ಲಿಯೂ ಗಾಯವಾಗಿ ಉಳಿಯುವುದೆಂಬುದು ನಿಜವಲ್ಲ. ದೀರ್ಘವ್ಯಾಧಿಯಿಂದ ಪದೇ ಪದೇ ಆಸ್ಪತ್ರೆಗೆ ಬರುವ ಮಕ್ಕಳಿಗೆ ಅಪಾಯ ಅಧಿಕ.

5

ಮೇಲೆ ಹೇಳಿದುದು ಅಗಲಿಕೆಯ ಮೌನ. ಎರಡನೆಯದು ಇದಕ್ಕಿಂತ ಗಹನವಾದ ಮರಣದ ಮೌನ.

ಲ್ಯುಕೀಮಿಯ ಎಂಬ ರಕ್ತದ ಕ್ಯಾನ್ಸರ್ ತಗಲಿದ ಮಕ್ಕಳು ಹಿಂದೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ತೀರಿಕೊಳ್ಳುತ್ತಿದ್ದರು. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅವರು ಅಮಿನೊಪ್ಟೆರಿನ್ ಎಂಬ ಔಷಧದಿಂದ ಆ ರೋಗ ತಾತ್ಕಾಲಿಕವಾಗಿ ಶಮನವಾಗುವುದೆಂದು ತೋರಿಸಿದರು. ಆ ಬಳಿಕ ಮಕ್ಕಳು ರೋಗದೊಡನೆ ವರ್ಷಗಳವರೆಗೆ ಬದುಕುವುದು ಸಾಧ್ಯವಾಯಿತು. ಆದರೆ 1950 ಮತ್ತು 1960ರ ದಶಕಗಳಲ್ಲಿ ಬಹುಮಂದಿಗೆ ಕೊನೆ ಮಾತ್ರ ತಪ್ಪುತ್ತಿರಲಿಲ್ಲ. ಇಂತಹ ಮಗುವಿಗೆ ಏನು ಹೇಳಬೇಕು? ದೊಡ್ಡವರಿಗೇ ಕ್ಯಾನ್ಸರಿನ ಹೆಸರು ಹೇಳದಿರುವುದು ಆಗಿನ ಪದ್ಧತಿ. 1961ರಲ್ಲಿ ಷಿಕಾಗೊ ನಗರದ ವೈದ್ಯರನ್ನು ವಿಚಾರಿಸಿದಾಗ ಸೇಕಡಾ 90 ಮಂದಿ ಹೇಳದಿರುವುದೇ ಲೇಸೆಂದಿದ್ದರು. ಮಕ್ಕಳ ಮಾತು ಹೇಳಬೇಕಾದುದೇ ಇಲ್ಲ.

ಈ ಪದ್ಧತಿಗೆ ಶಾಸ್ತ್ರದ ಆಧಾರವೂ ದೊರೆತಂತೆ ತೋರಿತು. ಹಂಗೆರಿಯ ಮರಿಯಾ ನಾಜ್ ಎಂಬ ವಿದುಷಿ 3ರಿಂದ 10 ವರ್ಷದ 378 ಮಕ್ಕಳನ್ನು ಮಾತನಾಡಿಸಿ, ಅವರ ಮೃತ್ಯುಕಲ್ಪನೆಗಳನ್ನು 1948ರಲ್ಲಿ ಪ್ರಕಟಿಸಿದರು. ಐದು ವರ್ಷಕ್ಕಿಂತ ಚಿಕ್ಕವರು ಸಾವನ್ನು ಹಿಂದಿರುಗಿ ಬರಬಹುದಾದ ಒಂದು ಪ್ರಯಾಣದಂತೆ ಎಣಿಸುವರು. ಐದರಿಂದ ಒಂಬತ್ತರವರು ಅದನ್ನು ಮನುಷ್ಯರೂಪವಾಗಿ ಕಲ್ಪಿಸಿಕೊಳ್ಳುವರು. ಒಂಬತ್ತರ ಮೇಲೆ ಮಾತ್ರ ಅದು ಎಲ್ಲರಿಗೂ ತಪ್ಪದ ಅಂತ್ಯವೆಂಬ ಅರಿವು ಮೂಡುವುದು ಎಂಬುದು ಅವರ ನಿರ್ಣಯ. ಆ ಮಕ್ಕಳು ಆರೋಗ್ಯವಂತರು. ಆದರೆ ವಯಸ್ಸನ್ನು ಅನುಸರಿಸಿ ಹೇಳಿದ ಈ ಮಾತನ್ನು ರೋಗಶಯ್ಯೆಯಲ್ಲಿರುವ ಮಕ್ಕಳಿಗೂ ಅನ್ವಯಿಸಿ, ಚಿಕ್ಕ ಮಗುವಿಗೆ ತನ್ನ ಸಾವಿನ ಅರಿವಿರುವುದು ಅಶಕ್ಯವೆಂದು ಹಲವರು ತೀರ್ಮಾನಿಸಿದರು. ಮಕ್ಕಳು ಆ ವಿಷಯ ಎತ್ತದೆ ಇದ್ದುದೇ ಇದಕ್ಕೆ ಸಾಕ್ಷಿಯಾಯಿತು.

ಕ್ಯಾಲಿಫೋರ್ನಿಯದ ದಾದಿಯೂ ವಿದುಷಿಯೂ ಆದ ಯುಜೀನಿಯಾ ವೆಕ್ಟರ್ ಅವರು ಈ ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸಿದರು. 6ರಿಂದ 10 ವರ್ಷದ 64 ಮಕ್ಕಳನ್ನು ಅವರು ನಾಲ್ಕು ಗುಂಪು ಮಾಡಿಕೊಂಡರು: ಮಾರಕವ್ಯಾಧಿಯವರು, ಮಾರಕವಲ್ಲದ ದೀರ್ಘವ್ಯಾಧಿಯವರು, ಸ್ವಲ್ಪಕಾಲದ ರೋಗದವರು, ಆರೋಗ್ಯವಂತರು. ಮಕ್ಕಳನ್ನು ಸಾವಿನ ಬಗ್ಗೆ ನೇರವಾಗಿ ಕೇಳಲಿಲ್ಲ. ಚಿತ್ರಗಳನ್ನು ತೋರಿಸಿ ಕಥೆ ಹೇಳಿಸಿದರು. ಮಾರಕವ್ಯಾಧಿಯ 16 ಮಕ್ಕಳಲ್ಲಿ ತಂದೆತಾಯಿಗಳೊಡನೆ ಸಾವಿನ ಮಾತೆತ್ತಿದ್ದವರು ಇಬ್ಬರೇ; ಆದರೆ ಆ ಗುಂಪು ಹೇಳಿದ ಕಥೆಗಳಲ್ಲಿ ಬಹುಪಾಲು ಸಾವನ್ನು ಕುರಿತವಾಗಿದ್ದುವು. ಅವರ ಮನಸ್ಸಿನ ಕಳವಳದ ಅಳತೆ ಆಸ್ಪತ್ರೆಯ ಇತರ ಮಕ್ಕಳಿಗಿಂತ ಸುಮಾರು ಇಮ್ಮಡಿಯಾಗಿತ್ತು. 1971ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ನೇರವಾದ ಮಾತಿನಲ್ಲಿ ಬಾರದುದು ಕಥೆಯಲ್ಲಿ ಬಂದಿತೆಂಬುದು ಸಾಹಿತ್ಯವನ್ನು ಬಲ್ಲವರಿಗೆ ಆಶ್ಚರ್ಯವನ್ನುಂಟುಮಾಡದು. ವಾಚ್ಯವಾಗದುದು ವ್ಯಂಗ್ಯವಾಗುವುದು ಕಾವ್ಯದಲ್ಲಿ ಮಾತ್ರವಲ್ಲ.

ಜಾನ್ ಸ್ಪಿನೆಟ್ಟ ಮತ್ತು ಅವರ ಸಂಗಡಿಗರು 1973ರಲ್ಲಿ ಲ್ಯುಕೀಮಿಯದ 25 ಮಕ್ಕಳನ್ನು ಬೇರೆ ದೀರ್ಘವ್ಯಾಧಿಗಳ 25 ಮಕ್ಕಳೊಡನೆ ಹೋಲಿಸಿ ಇದನ್ನೇ ದೃಢಪಡಿಸಿದರು. ಮರುವರ್ಷ ಅವರು ಆಸ್ಪತ್ರೆಯ ಕೋಣೆಯ ಚಿಕ್ಕ ಪ್ರತಿಕೃತಿಯನ್ನು ಮಾಡಿಸಿ, ತಾಯಿ, ತಂದೆ, ವೈದ್ಯ, ದಾದಿಯರ ಬೊಂಬೆಗಳನ್ನು ಎಲ್ಲೆಲ್ಲಿ ನಿಲ್ಲಿಸುವೆಯೆಂದು ಮಕ್ಕಳನ್ನು ಕೇಳಿದರು. ಲ್ಯುಕೀಮಿಯದ ಮಕ್ಕಳು ಆ ಬೊಂಬೆಗಳನ್ನು ಹಾಸಿಗೆಯಿಂದ ಹೆಚ್ಚು ದೂರದಲ್ಲಿ ನಿಲ್ಲಿಸಿದರು. ಸುತ್ತಲಿನವರು ಮೌನದಿಂದ ಕಾಪಾಡುತ್ತಿದ್ದೇವೆಂದು ಎಣಿಸಿದ್ದ ಮಗು ಒಂಟಿಯಾಗಿತ್ತೆಂಬುದನ್ನು ಬೊಂಬೆಗಳ ಅಂತರ ಸಾರಿತು.

6

ಹೇಳದೆಯೇ ಮಕ್ಕಳಿಗೆ ಇದೆಲ್ಲ ತಿಳಿಯುವುದೆಂತು? ಇದಕ್ಕೆ ಉತ್ತರ ದೊರೆತುದು ಮೈರಾ ಬ್ಲೂಬಾಂಡ್ ಲ್ಯಾಂಗ್ನರ್ ಎಂಬ ಮಾನವಶಾಸ್ತ್ರಜ್ಞೆಯ 1978ರ ಗ್ರಂಥದಲ್ಲಿ. ಇವರು ಅಮೆರಿಕದ ಒಂದು ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದು, ಲ್ಯುಕೀಮಿಯದಿಂದ ನರಳುತ್ತಿದ್ದ 3ರಿಂದ 9 ವರ್ಷದ ಮಕ್ಕಳೊಡನೆ ಕಾಲ ಕಳೆದರು.

ಮಕ್ಕಳ ಅರಿವು ಐದು ಮೆಟ್ಟಿಲುಗಳಲ್ಲಿ ಏರುವುದೆಂದು ಅವರು ಕಂಡರು. ತನಗೆ ಬಂದಿರುವುದು ದೊಡ್ಡ ರೋಗವೆಂಬುದು ಮೊದಲನೆಯದು. ಔಷಧಗಳ ಹೆಸರೂ ಅವುಗಳಿಂದಾಗುವ ಉಪದ್ರವಗಳೂ ಎರಡನೆಯದು. ಯಾವ ಚಿಕಿತ್ಸೆ ಏತಕ್ಕೆಂಬುದು ಮೂರನೆಯದು. ರೋಗ ಶಮನವಾಗುವುದು, ಮರುಕಳಿಸುವುದು, ಮತ್ತೆ ಶಮನವಾಗುವುದು ಎಂಬ ಚಕ್ರದ ಅರಿವು ನಾಲ್ಕನೆಯದು. ಆ ಚಕ್ರಕ್ಕೆ ಕೊನೆಯುಂಟು, ಔಷಧಗಳು ತೀರುತ್ತವೆ, ಕೊನೆ ಸಾವು ಎಂಬುದು ಐದನೆಯದು. ಈ ಮೆಟ್ಟಿಲುಗಳನ್ನು ಏರಿಸುವುದು ವಯಸ್ಸಲ್ಲ, ಅನುಭವ. ಮರಳಿಮರಳಿ ರೋಗಕ್ಕೆ ತುತ್ತಾದ ನಾಲ್ಕು ವರ್ಷದ ಮಗುವಿಗೆ, ಹೊಸದಾಗಿ ರೋಗ ಬಂದ ಒಂಬತ್ತು ವರ್ಷದ ಮಗುವಿಗಿಂತ ಹೆಚ್ಚು ತಿಳಿದಿರಬಹುದು. ವಾರ್ಡಿನ ಮಕ್ಕಳು ಪರಸ್ಪರ ಮಾತನಾಡಿಕೊಂಡು ಕಲಿಯುತ್ತಿದ್ದರು; ಒಡನಾಡಿಯಾಗಿದ್ದ ಮತ್ತೊಂದು ಮಗುವಿನ ಮರಣದ ವಾರ್ತೆ ಕೊನೆಯ ಮೆಟ್ಟಿಲಿಗೆ ಏರಿಸುತ್ತಿತ್ತು. ಹೀಗೆ ಆರೋಗ್ಯವಂತ ಮಕ್ಕಳಿಂದ ಪಡೆದ ವ್ಯಾಪ್ತಿಯು ರುಗ್ಣಮಕ್ಕಳಲ್ಲಿ ಸಲ್ಲದೆಂಬುದು ಸಿದ್ಧವಾಯಿತು.

ಹಾಗಾದರೆ ತಿಳಿದ ಮಗು ಸುಮ್ಮನಿರುವುದೇಕೆ? ಸಾಯುವ ರೋಗಿಯೂ ಸುತ್ತಲಿನವರೂ ಸತ್ಯವನ್ನು ಅರಿತೇ ಅರಿಯದವರಂತೆ ನಡೆದುಕೊಳ್ಳುವುದನ್ನು ಬಾರ್ನಿ ಗ್ಲೇಸರ್, ಆನ್ಸೆಲ್ಮ್ ಸ್ಟ್ರಾಸ್ ಎಂಬ ಸಮಾಜಶಾಸ್ತ್ರಜ್ಞರು 1965ರಲ್ಲಿ ವಿವರಿಸಿದ್ದರು. ಮಕ್ಕಳಲ್ಲಿಯೂ ಇದೇ ಪರಸ್ಪರ ನಟನೆಯನ್ನು ಬ್ಲೂಬಾಂಡ್ ಲ್ಯಾಂಗ್ನರ್ ಕಂಡರು. ಸಾವಿನ ಮಾತು ಬಂದರೆ ಅಮ್ಮ ಕೋಣೆಯಿಂದ ಹೊರಗೆ ಹೋಗುತ್ತಾಳೆ, ಅಪ್ಪನ ಮುಖ ಬಾಡುತ್ತದೆ, ದಾದಿ ಬೇರೆ ಮಾತು ತೆಗೆಯುತ್ತಾಳೆ ಎಂಬುದನ್ನು ಮಗು ಬೇಗ ಕಲಿಯುತ್ತದೆ. ಮಾತನಾಡಿದರೆ ಅವರು ದೂರವಾಗುವರು, ಸುಮ್ಮನಿದ್ದರೆ ಬಳಿಯಲ್ಲಿರುವರು. ಆದುದರಿಂದ ಮಗು ಸುಮ್ಮನಿರುತ್ತದೆ. ತಂದೆತಾಯಿಗಳು ಮಗುವನ್ನು ಕಾಪಾಡಲು ಮೌನವಹಿಸಿದರೆ, ಮಗು ತಂದೆತಾಯಿಗಳನ್ನು ಕಾಪಾಡಲು ಮೌನವಹಿಸುತ್ತಿತ್ತು. ಅಜ್ಞಾನದ ಗುರುತೆಂದು ತಿಳಿದಿದ್ದ ಮೌನ, ಜ್ಞಾನದ ಫಲವಾಗಿಯೂ ಪ್ರೀತಿಯ ಭಾಷೆಯಾಗಿಯೂ ಪರಿಣಮಿಸಿತು.

ಹಾಗೆಂದ ಮಾತ್ರಕ್ಕೆ ಪ್ರತಿಯೊಂದು ಮಗುವಿಗೂ ಎಲ್ಲವನ್ನೂ ಹೇಳಿಬಿಡಬೇಕೆಂದು ಈ ಗ್ರಂಥಕರ್ತ್ರಿಯ ಮತವಲ್ಲ. ಒಂದೇ ಮಗು ಕೆಲವರೊಡನೆ ಮಾತನಾಡಲು ಬಯಸಿ, ಬೇರೆ ಕೆಲವರೊಡನೆ ನಟನೆಯನ್ನೇ ಬಯಸುವುದುಂಟು. ಕೇಳಿದುದನ್ನು ಕೇಳಿದಷ್ಟಕ್ಕೆ, ಮಗುವಿನ ಮಾತಿನಲ್ಲಿಯೇ ಉತ್ತರಿಸುವುದು ಯುಕ್ತವೆಂಬುದು ಅವರ ಅಭಿಪ್ರಾಯ. ಮುಂದೆ ಚಿಕಿತ್ಸೆ ಬೆಳೆದು ಬಹುಮಂದಿ ಮಕ್ಕಳು ಬದುಕಿ ಉಳಿದಾಗ ಇನ್ನೊಂದು ಬಗೆಯ ಪ್ರಮಾಣ ಲಭಿಸಿತು. ಕ್ಯಾನ್ಸರಿನಿಂದ ಪಾರಾಗಿ ಬೆಳೆದವರನ್ನು ಪರೀಕ್ಷಿಸಿದ ಬಾಸ್ಟನ್ನಿನ ವಿದ್ವಾಂಸರು, ರೋಗದ ಹೆಸರನ್ನು ಬೇಗನೆ ತಿಳಿಸಲ್ಪಟ್ಟವರ ಮನಸ್ಸು ಹೆಚ್ಚು ಸ್ವಸ್ಥವಾಗಿದ್ದುದನ್ನು 1982ರಲ್ಲಿ ಪ್ರಕಟಿಸಿದರು. 2004ರಲ್ಲಿ ಸ್ವೀಡನ್ನಿನ ಉಲ್ರಿಕ ಕ್ರೈಕ್‌ಬೆರ್ಗ್ಸ್ ಮತ್ತು ಸಂಗಡಿಗರು, ಕ್ಯಾನ್ಸರಿನಿಂದ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳನ್ನು ವಿಚಾರಿಸಿದರು. ಮಗುವಿನೊಡನೆ ಸಾವನ್ನು ಕುರಿತು ಮಾತನಾಡಿದ್ದವರು 147 ಮಂದಿ. ಅವರಲ್ಲಿ ಒಬ್ಬರೂ ಪಶ್ಚಾತ್ತಾಪಪಟ್ಟಿರಲಿಲ್ಲ. ಮಾತನಾಡದೆ ಇದ್ದವರು 258 ಮಂದಿ. ಅವರಲ್ಲಿ 69 ಮಂದಿ ಪಶ್ಚಾತ್ತಾಪಪಟ್ಟಿದ್ದರು. ಮಾತನಾಡದೆಯೂ ಪಶ್ಚಾತ್ತಾಪವಿಲ್ಲದವರೇ ಹೆಚ್ಚು ಮಂದಿಯೆಂಬುದನ್ನು ಇಲ್ಲಿ ಮರೆಯಬಾರದು. ಪ್ರೀತಿಗೆ ಮಾತೊಂದೇ ದಾರಿಯಲ್ಲ. ಆದರೆ ಮಾತು ಕೇಡನ್ನೇ ತರುವುದೆಂಬ ಭಯಕ್ಕೆ ಆಧಾರವಿಲ್ಲವೆಂಬುದು ಸ್ಪಷ್ಟವಾಯಿತು.

7

ಮೂರನೆಯ ಮೌನ ವಾಕ್ಕೇ ಇಲ್ಲದ ನವಜಾತಶಿಶುವಿನದು. ಹುಟ್ಟಿದ ಮಗುವಿನ ಮೆದುಳು ಪಕ್ವವಾಗಿಲ್ಲವಾದುದರಿಂದ ಅದಕ್ಕೆ ನೋವಿನ ಅನುಭವವೂ ನೆನಪೂ ಇಲ್ಲವೆಂಬ ಎಣಿಕೆ 1980ರ ದಶಕದವರೆಗೂ ಹಲವು ವೈದ್ಯರಲ್ಲಿತ್ತು. ಬಲವಾದ ನೋವುನಿವಾರಕಗಳಿಂದ ಎಳೆಯ ಜೀವಕ್ಕೆ ಅಪಾಯವಾದೀತೆಂಬ ನಿಜವಾದ ಭಯವೂ ಅದರೊಡನೆ ಸೇರಿತ್ತು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಹೃದಯದ ಬಳಿಯ ರಕ್ತನಾಳದ ಶಸ್ತ್ರಚಿಕಿತ್ಸೆಯನ್ನು ಮಾಡುವಾಗ, ಸ್ನಾಯುಗಳು ಚಲಿಸದಂತೆ ಮಾಡುವ ಔಷಧವನ್ನೂ ಸೌಮ್ಯವಾದ ಅರಿವಳಿಕೆಯ ಅನಿಲವನ್ನೂ ಮಾತ್ರ ಕೊಡುವ ಪದ್ಧತಿಯಿತ್ತು. ಇಲ್ಲಿ ಶಿಶು ಅಳದೆ ಇದ್ದುದು ಅಳುವ ಶಕ್ತಿಯನ್ನು ಔಷಧವೇ ಕಿತ್ತುಕೊಂಡಿದ್ದುದರಿಂದ. ಮೌನವನ್ನು ತಾವೇ ಉಂಟುಮಾಡಿ, ಅದನ್ನೇ ಸುಖದ ಗುರುತೆಂದು ಎಣಿಸಿದಂತಾಯಿತು.

ಭಾರತಮೂಲದ ವೈದ್ಯರಾದ ಕನ್ವಲ್‌ಜೀತ್ ಸಿಂಗ್ ಆನಂದ್ ಅವರು ಆಕ್ಸ್‌ಫರ್ಡಿನಲ್ಲಿ ತಮ್ಮ ಸಂಗಡಿಗರೊಡನೆ ಈ ಶಿಶುಗಳನ್ನು ಪರೀಕ್ಷಿಸಿದರು. ಕೆಲವು ಶಿಶುಗಳಿಗೆ ವಾಡಿಕೆಯ ಕ್ರಮ. ಉಳಿದವಕ್ಕೆ ಅದರೊಡನೆ ಫೆಂಟನಿಲ್ ಎಂಬ ನೋವುನಿವಾರಕ. ಶಿಶು ಮಾತನಾಡದು, ಅಲುಗಾಡದು. ಆದುದರಿಂದ ಅವರು ರಕ್ತವನ್ನು ಪರೀಕ್ಷಿಸಿದರು. ನೋವುನಿವಾರಕವಿಲ್ಲದ ಶಿಶುಗಳ ರಕ್ತದಲ್ಲಿ ದೇಹದ ಕ್ಷೋಭೆಯನ್ನು ಸೂಚಿಸುವ ರಸಗಳು ಬಹಳ ಏರಿದ್ದುವು. ಶಸ್ತ್ರಚಿಕಿತ್ಸೆಯ ಅನಂತರದ ತೊಡಕುಗಳೂ ಅವುಗಳಲ್ಲಿಯೇ ಹೆಚ್ಚಾಗಿದ್ದುವು. 1987ರಲ್ಲಿ ಇದು ಪ್ರಕಟವಾದ ಬಳಿಕ ನವಜಾತಶಿಶುಗಳ ಅರಿವಳಿಕೆಯ ಪದ್ಧತಿ ಬೇಗನೆ ಬದಲಾಯಿತು. ಅದೇ ದಶಕದಲ್ಲಿ ಅಮೆರಿಕದ ಡಾನಾ ವಾಂಗ್ ಮತ್ತು ಕಾನಿ ಬೇಕರ್ ಅವರು ನಗುಮುಖದಿಂದ ಅಳುಮುಖದವರೆಗೆ ಆರು ಮುಖಗಳ ಚಿತ್ರಪಟವನ್ನು ರೂಪಿಸಿದರು. ಮಾತು ಸಾಲದ ಚಿಕ್ಕ ಮಗು ತನ್ನ ನೋವಿಗೆ ತಕ್ಕ ಮುಖವನ್ನು ಬೆರಳಿಟ್ಟು ತೋರಿಸಬಹುದಾಯಿತು. ವೇದನಾಧ್ಯಾಯದ ಗುರುವು ಕೈ, ಕಣ್ಣು, ತಲೆಗಳ ಚಲನೆಯಲ್ಲಿ ಹುಡುಕಿದ ಲಿಂಗವನ್ನು ಹೊಸ ಕಾಲದವರು ರಕ್ತದಲ್ಲಿಯೂ ಚಿತ್ರದಲ್ಲಿಯೂ ಹುಡುಕಿದರು.

8

ಈ ಇತಿಹಾಸದಲ್ಲಿ ಎರಡು ಸಂಗತಿಗಳು ವಿಚಾರಾರ್ಹವಾಗಿವೆ. ಮೊದಲನೆಯದಾಗಿ, ಮುಖ್ಯವಾದ ಶೋಧಗಳಲ್ಲಿ ಹಲವು ವೈದ್ಯವೃತ್ತಿಯ ಶಿಖರದಲ್ಲಿದ್ದವರಿಂದ ಬಂದುವಲ್ಲ. ಒಬ್ಬರು ಬಾಯ್ಲರಿನ ಕೆಲಸದಿಂದ ಮೇಲೆ ಬಂದವರು, ಒಬ್ಬರು ದಾದಿ, ಒಬ್ಬರು ಮಾನವಶಾಸ್ತ್ರಜ್ಞೆ. ಹೊತ್ತು ಹೊತ್ತಿಗೆ ಬಂದು ನೋಡಿಹೋಗುವವರಿಗೆ ಮೌನ ಮಾತ್ರ ಕಾಣುತ್ತಿತ್ತು. ಮಗುವಿನ ಬಳಿ ಕುಳಿತಿದ್ದವರಿಗೆ ಆ ಮೌನದ ಮೊದಲೂ ಕೊನೆಯೂ ಕಂಡುವು. ಎರಡನೆಯದಾಗಿ, ಹಳೆಯ ನಂಬಿಕೆಗಳನ್ನು ಕಾಪಾಡಿಕೊಂಡುಬಂದುದು ಕ್ರೌರ್ಯವಲ್ಲ, ಕರುಣೆಯೇ. ಮಗುವಿನ ದುಃಖವನ್ನು ಸಹಿಸಲಾರದ ಹಿರಿಯರು ಅದು ಇಲ್ಲವೆಂಬುದಕ್ಕೆ ಪ್ರಮಾಣವನ್ನು ಹುಡುಕಿದರು. ಮಗುವಿನ ಮೌನದಲ್ಲಿ ಅದು ಸುಲಭವಾಗಿ ಸಿಕ್ಕಿತು. ಹೇತ್ವಾಭಾಸಕ್ಕೆ ಬುದ್ಧಿದೋಷವೊಂದೇ ಕಾರಣವಲ್ಲ. ಕಾಣಲು ಮನಸ್ಸಿಲ್ಲದಿರುವುದೂ ಕಾರಣ.

1988ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಯೂರೋಪಿನ ಸಂಘಗಳು ಸೇರಿ, ಆಸ್ಪತ್ರೆಯಲ್ಲಿರುವ ಮಗುವಿನ ಹಕ್ಕುಗಳನ್ನು ಹತ್ತು ವಿಧಿಗಳಾಗಿ ನಿರೂಪಿಸಿದುವು. ತಂದೆತಾಯಿಗಳು ಸದಾ ಬಳಿಯಿರುವುದೂ, ವಯಸ್ಸಿಗೆ ತಕ್ಕಂತೆ ವಿಷಯವನ್ನು ತಿಳಿಸುವುದೂ ಅವುಗಳಲ್ಲಿ ಸೇರಿವೆ. 1769ರ ಔಷಧಶಾಲೆಯ ವೈದ್ಯರು ಊಹೆಯಿಂದ ಹೇಳಿದ ಮಾತು ಎರಡು ಶತಮಾನಗಳ ಮೇಲೆ ಪ್ರಮಾಣಸಿದ್ಧವಾಗಿ ನಿಯಮದಲ್ಲಿ ಸೇರಿತು. ಆದರೆ ನಿಯಮವು ಬಾಗಿಲನ್ನು ತೆರೆಯಬಲ್ಲುದೇ ಹೊರತು ಮೌನವನ್ನು ಓದಲಾರದು. ಮಗು ಸುಮ್ಮನಿರುವಾಗ, ಇದು ಯಾವ ಬಗೆಯ ಮೌನ ಎಂಬ ಪ್ರಶ್ನೆಯನ್ನು ಪ್ರತಿಯೊಬ್ಬ ವೈದ್ಯನೂ ಪ್ರತಿಯೊಬ್ಬ ತಾಯಿಯೂ ಪ್ರತಿಸಲವೂ ಹೊಸದಾಗಿಯೇ ಕೇಳಿಕೊಳ್ಳಬೇಕಾಗಿದೆ.